ನೀಲಿ ಹೂವಿನ ಹೊಲ

1868ರ ಜುಲೈ 3ರಂದು, ಅಮೆರಿಕದ ಇಂದಿನ ವಯೋಮಿಂಗ್ ರಾಜ್ಯದ ಫೋರ್ಟ್ ಬ್ರಿಜರ್ ಠಾಣೆಯಲ್ಲಿ, ಶೋಶೋನಿ ಮತ್ತು ಬ್ಯಾನಕ್ ಮೂಲನಿವಾಸಿಗಳ ಮುಖಂಡರು ಸರ್ಕಾರದೊಂದಿಗೆ ಒಪ್ಪಂದ ಮಾಡಿಕೊಂಡರು. ಮುಂದೆ ಬ್ಯಾನಕ್ ಜನರಿಗೆ ಮೀಸಲು ನೆಲ ಗೊತ್ತುಮಾಡುವಾಗ ಅದರಲ್ಲಿ ‘ಕ್ಯಾನ್ಸಸ್ ಬಯಲಿನ’ ಒಂದಷ್ಟು ಭಾಗವೂ ಸೇರಬೇಕೆಂದು ಕಾಗದದಲ್ಲಿ ದಾಖಲಾಯಿತು. ಬ್ಯಾನಕ್ ಜನರಿಗೆ ಬೇಕಿದ್ದದ್ದು ಕ್ಯಾನ್ಸಸ್ ಅಲ್ಲ, ಕ್ಯಾಮಸ್. ದಕ್ಷಿಣ ಐಡಹೋದಲ್ಲಿರುವ ಕ್ಯಾಮಸ್ ಬಯಲಿಗೂ ಕ್ಯಾನ್ಸಸ್ ರಾಜ್ಯಕ್ಕೂ ನಡುವೆ ಸಾವಿರ ಕಿಲೋಮೀಟರಿಗಿಂತ ಹೆಚ್ಚು ದೂರ. ಬರೆದುಕೊಂಡವರಿಗೆ ಕೇಳಿಸಿದ್ದು ಅವರಿಗೆ ಮೊದಲೇ ಗೊತ್ತಿದ್ದ ಹೆಸರು. ಕೇಳಿಸದೇ ಹೋದದ್ದು ಒಂದು ಜನಾಂಗದ ಅನ್ನದ ಹೆಸರು.

ಆಮೇಲಿನ ಹತ್ತು ವರ್ಷಗಳಲ್ಲಿ ವಲಸಿಗರು ಆ ಬಯಲಿಗೆ ದನ, ಕುದುರೆ, ಹಂದಿಗಳನ್ನು ಬಿಟ್ಟರು. ಹಂದಿಗಳು ಮೂತಿಯಿಂದ ನೆಲ ಉತ್ತು ಕ್ಯಾಮಸ್ ಗೆಡ್ಡೆಗಳನ್ನು ತಿಂದು ಮುಗಿಸಿದವು. ಮೀಸಲು ಪ್ರದೇಶದಲ್ಲಿ ಸರ್ಕಾರ ಕೊಡುತ್ತಿದ್ದ ಪಡಿತರ ಸಾಲದೆ ಹಸಿದಿದ್ದ ಬ್ಯಾನಕ್ ಜನ ಗೆಡ್ಡೆ ಅಗೆಯಲು ಬಂದರೆ ಬಯಲು ಬರಿದಾಗಿತ್ತು. 1878ರ ಮೇ ತಿಂಗಳ ಕೊನೆಯಲ್ಲಿ ಅಲ್ಲಿಯೇ ಮೊದಲ ಗುಂಡು ಹಾರಿತು. ಬಫಲೋ ಹಾರ್ನ್ ಎಂಬ ಮುಖಂಡ ನಡೆಸಿದ ಈ ಹೋರಾಟ ಚರಿತ್ರೆಯಲ್ಲಿ ಬ್ಯಾನಕ್ ಯುದ್ಧ ಎಂದು ಉಳಿದಿದೆ. ಕೆಲವೇ ದಿನಗಳಲ್ಲಿ ಅವನು ಹತನಾದ.

ಇಷ್ಟಕ್ಕೆಲ್ಲ ಕಾರಣವಾದ ಗೆಡ್ಡೆ ಬೆಳ್ಳುಳ್ಳಿಯಷ್ಟೋ ಸಣ್ಣ ಈರುಳ್ಳಿಯಷ್ಟೋ ದಪ್ಪ. ಹಸಿಯಾಗಿ ಕಚ್ಚಿದರೆ ಅಂಟಂಟು, ಸಪ್ಪೆ. ಅದರ ಮೇಲೆ ವಸಂತದಲ್ಲಿ ಮೊಣಕಾಲೆತ್ತರದ ಒಂದು ದಂಟು ಏಳುತ್ತದೆ. ದಂಟಿನ ತುಂಬ ಆರಾರು ಎಸಳಿನ ನೀಲಿ ನಕ್ಷತ್ರಗಳು. ತಿಳಿನೀಲಿಯಿಂದ ಕಡುನೇರಳೆಯವರೆಗೆ ಬಣ್ಣಗಳು ಬೇರೆ ಬೇರೆ. ಹೂ ಕೆಳಗಿನಿಂದ ಅರಳುತ್ತಾ ಮೇಲಕ್ಕೆ ಹೋಗುತ್ತದೆ.

ಸಸ್ಯವಿಜ್ಞಾನಿಗಳು ಕ್ಯಾಮಾಸಿಯಾ ಕ್ವಾಮಾಶ್ ಎಂದು ಕರೆಯುವ ಈ ಗಿಡವನ್ನು ಬಹುಕಾಲ ಲಿಲ್ಲಿಗಳ ಸಾಲಿನಲ್ಲಿ ಇಡಲಾಗಿತ್ತು. ಈಗ ಅದು ಶತಾವರಿಯ ಕುಟುಂಬಕ್ಕೆ, ಅದರೊಳಗೂ ಕತ್ತಾಳೆಯ ಉಪಕುಟುಂಬಕ್ಕೆ ಸೇರಿದೆ. ಆ ಲೆಕ್ಕದಲ್ಲಿ ಕನ್ನಡ ನಾಡಿನ ಹೊಲದ ಬೇಲಿಯ ಕತ್ತಾಳೆಯೂ ಮದುವೆ ಹಾರದ ಸುಗಂಧರಾಜವೂ ಕ್ಯಾಮಸ್ಸಿನ ಹತ್ತಿರದ ನೆಂಟರು. ಈ ನೆಂಟಸ್ತಿಕೆ ಬರೀ ಹೆಸರಿನದಲ್ಲ. ಮೆಕ್ಸಿಕೋದ ಜನ ಕತ್ತಾಳೆಯ ದಿಂಡನ್ನು ನೆಲದ ಕುಳಿಯಲ್ಲಿ ದಿನಗಟ್ಟಲೆ ಸುಟ್ಟು ಸಿಹಿ ತೆಗೆಯುತ್ತಾರೆ. ಅದೇ ಉಪಾಯವನ್ನು ಅಲ್ಲಿಂದ ಬಹುದೂರ, ಉತ್ತರ ಅಮೆರಿಕದ ವಾಯವ್ಯ ಮೂಲೆಯ ಜನ ಕ್ಯಾಮಸ್ಸಿಗೆ ಕಂಡುಕೊಂಡಿದ್ದರು.

ಈ ಗೆಡ್ಡೆಯ ನಾಡು ದೊಡ್ಡದು. ಕೆನಡಾದ ವ್ಯಾಂಕೂವರ್ ದ್ವೀಪದ ದಕ್ಷಿಣ ತುದಿಯಿಂದ ಹಿಡಿದು ವಾಷಿಂಗ್ಟನ್, ಆರೆಗಾನ್, ಐಡಹೋ, ಮೊಂಟಾನಾಗಳವರೆಗೆ, ಚಳಿಗಾಲದಲ್ಲಿ ನೀರು ನಿಂತು ಬೇಸಿಗೆಯಲ್ಲಿ ಒಣಗುವ ಬಯಲುಗಳಲ್ಲಿ ಅದು ಬೆಳೆಯುತ್ತಿತ್ತು. ಕರಾವಳಿಯ ಸೇಲಿಶ್ ಜನ, ವಿಲಾಮೆಟ್ ಕಣಿವೆಯ ಕಲಪೂಯಾ, ಒಳನಾಡಿನ ಕ್ಯಾಲಿಸ್ಪೆಲ್, ತಮ್ಮನ್ನು ನೀಮೀಪೂ ಎಂದು ಕರೆದುಕೊಳ್ಳುವ ನೆಜ್ ಪರ್ಸ್ ಎಲ್ಲರಿಗೂ ಇದು ಸಾಲ್ಮನ್ ಮೀನಿನ ಪಕ್ಕದಲ್ಲಿ ಕೂರುವ ಮುಖ್ಯ ಆಹಾರ. 1840ರ ದಶಕದಲ್ಲಿ ಅಲ್ಲಿ ಓಡಾಡಿದ ಪಾದ್ರಿ ದ ಸ್ಮೆಟ್ ಇದನ್ನು ಆ ಸೀಮೆಯ ಬೇರುಗಳ ರಾಣಿ ಎಂದು ಬಣ್ಣಿಸಿದ.

ಹೊರಗಿನವರು ಈ ರಾಣಿಯ ರುಚಿ ಕಂಡ ಮೊದಮೊದಲ ಸಂದರ್ಭಗಳಲ್ಲೊಂದು 1805ರ ಸೆಪ್ಟೆಂಬರ್‌ನದು. ಅಧ್ಯಕ್ಷ ಜೆಫರ್ಸನ್ ಕಳಿಸಿದ್ದ ಲೂಯಿಸ್ ಮತ್ತು ಕ್ಲಾರ್ಕ್ ತಂಡ ಬಿಟರ್‌ರೂಟ್ ಪರ್ವತಗಳನ್ನು ದಾಟುವಾಗ ಬೇಟೆ ಸಿಗದೆ ತಮ್ಮ ಕುದುರೆಮರಿಗಳನ್ನೇ ಕಡಿದು ತಿಂದಿತ್ತು. ಸೆಪ್ಟೆಂಬರ್ 20ರಂದು ಕ್ಲಾರ್ಕ್ ಕೆಲವರನ್ನು ಕರೆದುಕೊಂಡು ಮುಂದಾಗಿ ವೀಐಪ್ ಎಂಬ ಬಯಲಿಗೆ ಇಳಿದ. ಮೂವರು ಹುಡುಗರು ಕಣ್ಣಿಗೆ ಬಿದ್ದರು. ಹೆದರಿ ಹುಲ್ಲಿನಲ್ಲಿ ಅಡಗಿದ್ದ ಮಕ್ಕಳಿಗೆ ರಿಬ್ಬನ್ ತುಂಡು ಕೊಟ್ಟು ಅವನು ಊರಿಗೆ ಹೇಳಿಕಳಿಸಿದ. ನೀಮೀಪೂ ಜನ ಕಾಡೆಮ್ಮೆಯ ಮಾಂಸ, ಒಣ ಸಾಲ್ಮನ್, ಹಣ್ಣು, ರಾಶಿ ಹಾಕಿದ್ದ ಕ್ಯಾಮಸ್ ಗೆಡ್ಡೆ, ಗೆಡ್ಡೆಯ ರೊಟ್ಟಿ ಎಲ್ಲವನ್ನೂ ಮುಂದಿಟ್ಟರು. ಈ ಅಪರಿಚಿತರನ್ನು ಕೊಲ್ಲುವುದೋ ಬಿಡುವುದೋ ಎಂಬ ಮಾತು ಅಲ್ಲಿ ನಡೆದಿತ್ತೆಂದೂ, ಹಿಂದೊಮ್ಮೆ ಬಿಳಿಯರಿಂದ ಉಪಕಾರ ಕಂಡಿದ್ದ ವಾಟ್ಕುವೈಸ್ ಎಂಬ ಮುದುಕಿ ಅಡ್ಡಬಂದು ಅವರನ್ನು ಉಳಿಸಿದಳೆಂದೂ ನೀಮೀಪೂ ಬಾಯಿಮಾತಿನಲ್ಲಿ ಉಳಿದು ಬಂದಿದೆ.

ಹಸಿದವರು ಮಿತಿಮೀರಿ ತಿಂದರು. ಮರುದಿನದಿಂದ ಹೊಟ್ಟೆ ಉಬ್ಬರ, ಭೇದಿ, ವಾಂತಿ. ತಂಡದ ಬಹುಪಾಲು ಜನ ದಿನಗಟ್ಟಲೆ ಮಲಗಿದರು. ಲೂಯಿಸ್ ಕುದುರೆ ಮೇಲೆ ಕೂರುವುದೂ ಕಷ್ಟವಾಗುವಷ್ಟು ಸೋತ. ಕ್ಲಾರ್ಕ್ ಕೊಟ್ಟ ಮದ್ದು ಅಂದಿನ ಪ್ರಸಿದ್ಧ ಭೇದಿ ಮಾತ್ರೆ! ಬಂದ ಊಟವೂ ಬದಲು, ಬಿದ್ದ ಮದ್ದೂ ಉಲ್ಟಾ. ಮೀನು, ಗೆಡ್ಡೆ, ಎಷ್ಟೋ ದಿನದ ಹಸಿವು ಇವುಗಳಲ್ಲಿ ಯಾವುದರ ಪಾಲೆಷ್ಟು ಎಂದು ಇಂದು ಬಿಡಿಸಿ ಹೇಳಲಾಗದು. ಆದರೆ ಗೆಡ್ಡೆಯ ಪಾಲಿಗೆ ಒಂದು ಸ್ಪಷ್ಟ ರಸಾಯನಶಾಸ್ತ್ರವಿದೆ.

ಅಕ್ಕಿ, ಆಲೂಗೆಡ್ಡೆ, ರಾಗಿ ತಮ್ಮ ಶಕ್ತಿಯನ್ನು ಪಿಷ್ಟವಾಗಿ ಕೂಡಿಡುತ್ತವೆ. ಪಿಷ್ಟವೆಂದರೆ ಗ್ಲೂಕೋಸಿನ ಸರಪಳಿ. ಅದನ್ನು ಕತ್ತರಿಸುವ ಕಿಣ್ವ ಮನುಷ್ಯನ ಎಂಜಲಿನಲ್ಲೇ ಇದೆ. ಕ್ಯಾಮಸ್ ಪಿಷ್ಟದ ದಾರಿ ಹಿಡಿಯಲಿಲ್ಲ. ಅದು ಕೂಡಿಡುವುದು ಇನ್ಯುಲಿನ್ ಎಂಬ ಸಕ್ಕರೆಯ ಸರಪಳಿ. ಅದರ ಕೊಂಡಿಗಳು ಫ್ರಕ್ಟೋಸ್, ಅಂದರೆ ಹಣ್ಣು ಮತ್ತು ಜೇನಿನಲ್ಲಿರುವ ಸಕ್ಕರೆ. ಆ ಕೊಂಡಿಗಳನ್ನು ಬಿಡಿಸುವ ಕಿಣ್ವ ಮನುಷ್ಯರ ಹೊಟ್ಟೆಯಲ್ಲಿಲ್ಲ. ಹಾಗಾಗಿ ಇನ್ಯುಲಿನ್ ಸಣ್ಣಕರುಳನ್ನು ಇಡಿಯಾಗಿ ದಾಟಿ ದೊಡ್ಡಕರುಳು ಸೇರುತ್ತದೆ. ಅಲ್ಲಿ ಕಾದಿರುವ ಬ್ಯಾಕ್ಟೀರಿಯಾಗಳಿಗೆ ಹಬ್ಬ, ತಿಂದವರಿಗೆ ಹೊಟ್ಟೆಯ ತುಂಬ ಗಾಳಿ. ಈರುಳ್ಳಿ, ಬೆಳ್ಳುಳ್ಳಿ ಹೆಚ್ಚಾದರೆ ಕೆಲವರಿಗೆ ಹೊಟ್ಟೆ ಗುಡುಗುಡು ಎನ್ನುವುದಕ್ಕೂ ಇದೇ ಜಾತಿಯ ಸಕ್ಕರೆಗಳು ಕಾರಣ. 1820ರ ದಶಕದಲ್ಲಿ ಅಲ್ಲಿ ಗಿಡ ಸಂಗ್ರಹಿಸುತ್ತಿದ್ದ ಸ್ಕಾಟಿಷ್ ಸಸ್ಯವಿಜ್ಞಾನಿ ಡೇವಿಡ್ ಡಗ್ಲಸ್ ಬೆಂದ ಕ್ಯಾಮಸ್ಸಿನ ರುಚಿಯನ್ನು ಸುಟ್ಟ ಪೇರ್ ಹಣ್ಣಿಗೆ ಹೋಲಿಸಿದ. ಅದೇ ಟಿಪ್ಪಣಿಯಲ್ಲಿ, ಗುಡಿಸಲೊಳಗಿನ ಗಾಳಿಯ ಜೋರಿಗೆ ತಾನು ಹಾರಿಹೋಗುವುದೊಂದು ಬಾಕಿ ಎಂದೂ ಬರೆದುಕೊಂಡ.

ಸರಪಳಿಯನ್ನು ಹೊಟ್ಟೆ ಕಡಿಯಲಾರದೆಂದರೆ ಹೊಟ್ಟೆ ಸೇರುವ ಮೊದಲೇ ಕಡಿಯಬೇಕು. ಅದಕ್ಕೆ ಬೇಕಾದದ್ದು ಬಿಸಿ, ತೇವ ಮತ್ತು ತುಂಬಾ ಹೊತ್ತು. ಕೆಸುವಿನ ತುರಿಕೆಗೆ ಹುಣಸೆಹುಳಿಯೇ ಮದ್ದೆಂದು ಮಲೆನಾಡಿನ ಅಡುಗೆಮನೆ ಕಂಡುಕೊಂಡಂತೆ, ಕ್ಯಾಮಸ್ಸಿಗೆ ತಾಳ್ಮೆಯೇ ಮದ್ದೆಂದು ಆ ಜನ ಕಂಡುಕೊಂಡರು. ಆ ತಾಳ್ಮೆಯ ರೂಪ ನೆಲದೊಳಗಿನ ಒಲೆ.

ಒಲೆ ಹೂಡುವುದು ಒಬ್ಬರ ಕೆಲಸವಲ್ಲ. ಮೊದಲು ಒಂದಾಳು ಮಲಗುವಷ್ಟೋ ಅದಕ್ಕಿಂತ ದೊಡ್ಡದೋ ಆದ ಕುಳಿ ತೋಡಬೇಕು. ಮೊಣಕಾಲಿನಿಂದ ಸೊಂಟದವರೆಗೆ ಆಳ ಸಾಕು. ಅದರಲ್ಲಿ ಒಣಸೌದೆ ಒಟ್ಟಿ, ಮೇಲೆ ಹೊಳೆಗಲ್ಲುಗಳನ್ನು ಪೇರಿಸಿ ಬೆಂಕಿ ಕೊಡುತ್ತಾರೆ. ಎಲ್ಲ ಕಲ್ಲೂ ನಡೆಯುವುದಿಲ್ಲ. ನೀರು ಕುಡಿದ ಕಲ್ಲು ಕಾವಿಗೆ ಸಿಡಿಯುತ್ತದೆ, ಆರಿಸುವ ಕೈಗೆ ಅದು ಗೊತ್ತಿರಬೇಕು. ಸೌದೆ ಉರಿದು ಬೂದಿಯಾದಾಗ ಕೆಂಪಗೆ ಕಾದ ಕಲ್ಲುಗಳು ತಳಕ್ಕೆ ಕೂರುತ್ತವೆ. ಅವನ್ನು ಕೋಲಿನಿಂದ ಸಮಮಾಡಿ, ಮೇಲೆ ಹಸಿ ಹುಲ್ಲು, ಅಗಲವಾದ ಹಸಿ ಎಲೆಗಳ ಹಾಸು. ಹಾಸಿನ ಮೇಲೆ ಗೆಡ್ಡೆಗಳು, ಒಮ್ಮೊಮ್ಮೆ ಮೂಟೆಗಟ್ಟಲೆ. ಒಳನಾಡಿನಲ್ಲಿ ಅವುಗಳ ನಡುವೆ ಮರದಿಂದ ಜಡೆಯಂತೆ ಜೋತುಬೀಳುವ ಕಪ್ಪು ಕಲ್ಲುಹೂವನ್ನೂ ಹಾಸುತ್ತಿದ್ದರು. ಬೆಂದಾಗ ಅದು ಗೆಡ್ಡೆಯ ಸಿಹಿ ಹೀರಿ ಕಪ್ಪು ಹಲ್ವದಂತೆ ಗಟ್ಟಿಯಾಗುತ್ತದೆ. ಮಸಾಲೆಗೆ ಕಲ್ಲುಹೂ ಹಾಕುವ ಕನ್ನಡಿಗರಿಗೆ ಇದು ತೀರ ಅಪರಿಚಿತ ಅನ್ನಿಸಬೇಕಿಲ್ಲ. ಗೆಡ್ಡೆಯ ಮೇಲೆ ಮತ್ತೆ ಎಲೆ, ಎಲೆಯ ಮೇಲೆ ಮಣ್ಣು. ನಡುವೆ ನಿಲ್ಲಿಸಿದ್ದ ಕೋಲನ್ನು ಎಳೆದು ಆ ತೂತಿನೊಳಗೆ ನೀರು ಹೊಯ್ದರೆ ಒಳಗೆಲ್ಲ ಆವಿ. ತೂತು ಮುಚ್ಚಿ, ಮಣ್ಣಿನ ಮೇಲೂ ಬೆಂಕಿ ಹಾಕಿ ಕಾಯುವುದು. ಒಂದು ಹಗಲು ಒಂದು ಇರುಳು ಕನಿಷ್ಠ, ಕೆಲವು ಕಡೆ ಎರಡು ಮೂರು ದಿನ.

ಒಳಗೆ ಆಗುವುದಿಷ್ಟು. ತೇವದ ಕಾವಿನಲ್ಲಿ ನೀರಿನ ಅಣುಗಳು ಇನ್ಯುಲಿನ್ನಿನ ಕೊಂಡಿಗಳನ್ನು ಒಂದೊಂದಾಗಿ ಬಿಡಿಸುತ್ತವೆ. ಸುತ್ತಲಿನ ಹಸಿ ಎಲೆಗಳಿಂದ ಇಳಿಯುವ ಸಣ್ಣ ಹುಳಿ ಈ ಕೆಲಸಕ್ಕೆ ಕೈಜೋಡಿಸಬಹುದೆಂದು ಸಂಶೋಧಕರ ಅಂದಾಜು. ಸರಪಳಿ ಮುರಿದಷ್ಟೂ ಫ್ರಕ್ಟೋಸ್ ಬಿಡುಗಡೆಯಾಗುತ್ತದೆ. ಅದು ಮಾಮೂಲು ಸಕ್ಕರೆಗಿಂತ ಸಿಹಿ. ಬಿಳಿ ಗೆಡ್ಡೆ ಮೊದಲು ಕಂದಾಗಿ, ಆಮೇಲೆ ಕಪ್ಪು ಬೆಲ್ಲದ ಬಣ್ಣಕ್ಕೆ ತಿರುಗಿ, ಹಿಸುಕಿದರೆ ಬೆಂದ ಗೆಣಸಿನಂತೆ ಮೆತ್ತಗಾಗುತ್ತದೆ. ಗಂಟೆಗಳು ಕಮ್ಮಿಯಾದರೆ ಅರ್ಧ ಸರಪಳಿ ಹಾಗೇ ಉಳಿದು ಹೊಟ್ಟೆ ಕೆಡುತ್ತದೆ. ಹೆಚ್ಚಾದರೆ ಸೀದು ಕಹಿ. ತೆರೆದು ನೋಡಿದರೆ ಆವಿ ಹೋಗಿ ಕೆಲಸ ಕೆಡುತ್ತದೆ, ಆದ್ದರಿಂದ ಅಂದಾಜಿನ ಮೇಲೆಯೇ ಎಲ್ಲ. ಆ ಅಂದಾಜು ಅಜ್ಜಿಯಂದಿರದು.

ಗಡಿಗೆಯಿಲ್ಲದ, ಸಕ್ಕರೆಯೂ ಇಲ್ಲದ ಅಡುಗೆಯಲ್ಲಿ ಇದೊಂದು ದೊಡ್ಡ ಸಿಹಿ. ಬೆಂದ ಗೆಡ್ಡೆಯನ್ನು ಹಾಗೇ ತಿನ್ನುತ್ತಿದ್ದರು, ಮಾಂಸದ ಸಾರಿಗೆ ಹಾಕುತ್ತಿದ್ದರು. ಉಳಿದದ್ದನ್ನು ಬಿಸಿಲಿನಲ್ಲಿ ಒಣಗಿಸಿ ಚೀಲಕ್ಕೆ ತುಂಬುತ್ತಿದ್ದರು, ಇಲ್ಲವೇ ಕುಟ್ಟಿ ಬಿಲ್ಲೆ ತಟ್ಟಿ ಮತ್ತೆ ಸುಡುತ್ತಿದ್ದರು. ಒಣಗಿದ ಕ್ಯಾಮಸ್ ವರ್ಷಗಟ್ಟಲೆ ಕೆಡುವುದಿಲ್ಲ. ಹಿಮ ಮುಚ್ಚಿದ ತಿಂಗಳುಗಳಲ್ಲಿ ಮನೆಯ ಕಣಜವೆಂದರೆ ಈ ಚೀಲಗಳು. ಗೆಡ್ಡೆ ಬೆಳೆಯದ ಕಡಲ ಬದಿಗೆ ಇದು ವ್ಯಾಪಾರಕ್ಕೂ ಹೋಗುತ್ತಿತ್ತು. ವ್ಯಾಂಕೂವರ್ ದ್ವೀಪದ ಪಶ್ಚಿಮ ತೀರದ ಜನ ಸೇಲಿಶ್ ಕುಟುಂಬಗಳಿಂದ ಬೆಂದ ಕ್ಯಾಮಸ್ ತರಿಸಿಕೊಳ್ಳುತ್ತಿದ್ದರು.

ಈ ಬಯಲಿನಲ್ಲಿ ಸಾವೂ ಬೆಳೆಯುತ್ತದೆ. ಕ್ಯಾಮಸ್ಸಿನ ಮಗ್ಗುಲಲ್ಲೇ, ಅಂಥದೇ ನೆಲದಲ್ಲಿ, ಅಂಥದೇ ಎಲೆ ಬಿಟ್ಟು, ಬಹುಮಟ್ಟಿಗೆ ಅಂಥದೇ ಗೆಡ್ಡೆ ಕಟ್ಟುವ ಇನ್ನೊಂದು ಗಿಡವಿದೆ. ಜನ ಅದಕ್ಕೆ ಇಟ್ಟ ಹೆಸರೇ ಸಾವಿನ ಕ್ಯಾಮಸ್. ಅದರೊಳಗಿನ ಜೈಗಸೀನ್ ಎಂಬ ಕ್ಷಾರಾಭ ಹೃದಯದ ಬಡಿತವನ್ನು ತಗ್ಗಿಸಿ, ರಕ್ತದೊತ್ತಡ ಇಳಿಸಿ ಪ್ರಾಣ ತೆಗೆಯಬಲ್ಲದು. ವಸಂತದಲ್ಲಿ ಮೊದಲ ಹಸಿರಿಗೆ ಬಾಯಿ ಹಾಕುವ ಕುರಿಗಳು ಇಂದಿಗೂ ಅದಕ್ಕೆ ಬಲಿಯಾಗುತ್ತವೆ. ಎಷ್ಟು ಬೇಯಿಸಿದರೂ ಅದರ ವಿಷ ಹೋಗುವುದಿಲ್ಲ. ಹೂ ಬಿಟ್ಟಾಗ ಮಾತ್ರ ಎರಡರ ಗುಟ್ಟು ರಟ್ಟು: ಒಂದರದು ನೀಲಿ, ಇನ್ನೊಂದರದು ಕೆನೆಬಿಳಿ. ಅಗೆಯುವ ಹೊತ್ತಿಗೆ ಹೂವೆಲ್ಲ ಉದುರಿ ಒಣ ದಂಟಷ್ಟೇ ಉಳಿದಿರುತ್ತದೆ.

ಹೆಂಗಸರು ಹುಡುಕಿಕೊಂಡ ದಾರಿ ಬಲು ಜಾಣತನದ್ದು. ಹೂ ಅರಳಿದ ವಾರಗಳಲ್ಲೇ ಬಯಲಿಗೆ ಹೋಗಿ ಬಿಳಿ ಹೂವಿನ ಗಿಡಗಳನ್ನು ಬುಡಸಮೇತ ಕಿತ್ತು ಎಸೆದು ಬರುವುದು. ಒಂದು ವರ್ಷವಲ್ಲ, ವರ್ಷ ವರ್ಷವೂ. ತಲೆಮಾರುಗಳ ಈ ಕೆಲಸದಿಂದ ಒಳ್ಳೆಯ ಬಯಲೆಂದರೆ ವಿಷವಿಲ್ಲದ ಬಯಲು ಎಂದಾಯಿತು. ಭತ್ತದ ಗದ್ದೆಯಲ್ಲಿ ಕಳೆ ಕೀಳುವ ಕೆಲಸಕ್ಕೂ ಇದಕ್ಕೂ ಏನು ವ್ಯತ್ಯಾಸ? ಈ ಪ್ರಶ್ನೆಯನ್ನು ಹೊರಗಿನಿಂದ ಬಂದವರು ಕೇಳಿಕೊಂಡಿದ್ದರೆ ಆ ನಾಡಿನ ಕಥೆಯೇ ಬೇರೆಯಾಗುತ್ತಿತ್ತು. ಅವರ ಕಣ್ಣಿಗೆ ನೇಗಿಲಿಲ್ಲದ್ದು ಹೊಲವಲ್ಲ, ಎತ್ತಿಲ್ಲದವರು ರೈತರಲ್ಲ.

ನೇಗಿಲ ಜಾಗದಲ್ಲಿ ಅಲ್ಲಿದ್ದದ್ದು ಒಂದು ಕೋಲು. ನೀಮೀಪೂ ಭಾಷೆಯಲ್ಲಿ ಅದರ ಹೆಸರು ಟೂಕೆಸ್. ಹೆಚ್ಚುಕಡಿಮೆ ಸೊಂಟದೆತ್ತರದ ಗಟ್ಟಿಮರದ ಕೋಲು. ತುದಿಯನ್ನು ಚೂಪು ಮಾಡಿ, ತುಸು ಬಾಗಿಸಿ, ಬೆಂಕಿಯಲ್ಲಿ ಹದವಾಗಿ ಸುಟ್ಟು ಗಟ್ಟಿಮಾಡಿದ್ದು. ಮೇಲ್ತುದಿಗೆ ಜಿಂಕೆ ಜಾತಿಯ ಕೊಂಬನ್ನು ಅಡ್ಡಲಾಗಿ ತೂರಿಸಿ ಹಿಡಿ. ಎರಡೂ ಕೈಯಿಂದ ಕೊಂಬು ಹಿಡಿದು, ಮೈಭಾರ ಹಾಕಿ ತುದಿಯನ್ನು ನೆಲಕ್ಕೆ ಇಳಿಸಿ ಹಿಂದಕ್ಕೆ ಮೀಟಿದರೆ ಹುಲ್ಲುಹೆಂಟೆ ಮುಚ್ಚಳದಂತೆ ಏಳುತ್ತದೆ. ಹೆಂಟೆಯ ತಳಕ್ಕೆ ಗೆಡ್ಡೆಗಳು ಕಚ್ಚಿಕೊಂಡಿರುತ್ತವೆ. ದಪ್ಪನೆಯವು ಬುಟ್ಟಿಗೆ, ಸಣ್ಣವು ಹಾಗೇ ನೆಲಕ್ಕೆ. ಬೀಜದ ಕಾಯಿ ಒಡೆದಿದ್ದರೆ ಕಪ್ಪು ಕಾಳುಗಳನ್ನು ಸಡಿಲವಾದ ಮಣ್ಣಿಗೇ ಉದುರಿಸಿ ಹೆಂಟೆಯನ್ನು ಮೊದಲಿದ್ದಂತೆ ಮುಚ್ಚುವುದು. ಬೀಜ ಮೊಳೆತು ಹೂ ಬಿಡಲು ಮೂರು ನಾಲ್ಕು ವರ್ಷ ಬೇಕು. ಕೀಳುವವರು ಈ ವರ್ಷಗಳ ಲೆಕ್ಕವನ್ನು ಇಟ್ಟುಕೊಂಡಿರುತ್ತಿದ್ದರು. ಅಗೆದಷ್ಟೂ ಮಣ್ಣು ಸಡಿಲವಾಗಿ ಗೆಡ್ಡೆ ದಪ್ಪವಾಗುತ್ತದೆ. ಹಾಗಾಗಿ ಅಗೆಯುವುದನ್ನು ಬಿಟ್ಟ ಬಯಲು ಸೊರಗುತ್ತದೆಂದು ಹಿರಿಯರು ಹೇಳುತ್ತಾರೆ.

ಇನ್ನೊಂದು ಉಪಕರಣ ಬೆಂಕಿ. ಬೇಸಿಗೆ ಮುಗಿಯುವ ಹೊತ್ತಿಗೆ, ಗೆಡ್ಡೆಗಳು ನೆಲದಾಳದಲ್ಲಿ ನಿದ್ದೆಗೆ ಜಾರಿದ ಮೇಲೆ, ಒಣಹುಲ್ಲಿಗೆ ಕಿಚ್ಚು ಇಡುತ್ತಿದ್ದರು. ಹುಲ್ಲಿನ ಬೆಂಕಿ ಬೇಗ ಹಾಯ್ದು ಹೋಗುತ್ತದೆ, ಆಳದ ಗೆಡ್ಡೆಗೆ ಅದರ ಕಾವು ತಾಗುವುದಿಲ್ಲ. ಬಯಲಿಗೆ ನುಗ್ಗುವ ಪೊದೆ, ಫರ್ ಮರದ ಸಸಿಗಳು ಮಾತ್ರ ಸುಟ್ಟುಹೋಗುತ್ತವೆ. ಬೂದಿ ಗೊಬ್ಬರವಾಗಿ, ಮುಂದಿನ ವಸಂತದಲ್ಲಿ ಬಿಸಿಲು ನೇರ ನೆಲ ಮುಟ್ಟುತ್ತದೆ. 1826ರ ಶರತ್ಕಾಲದಲ್ಲಿ ವಿಲಾಮೆಟ್ ಕಣಿವೆಯಲ್ಲಿ ಸಾಗಿದ ಅದೇ ಡೇವಿಡ್ ಡಗ್ಲಸ್, ನೆಲವೆಲ್ಲ ಸುಟ್ಟು ಕರಕಲಾಗಿ ಕುದುರೆಗೆ ಮೇವಿಲ್ಲವೆಂದು ಪೇಚಾಡಿದ. ಅವನು ಮೆಚ್ಚಿಕೊಂಡ ಕ್ಯಾಮಸ್ ಆ ಕರಕಲಿನಿಂದಲೇ ಏಳುತ್ತಿತ್ತು.

ವ್ಯಾಂಕೂವರ್ ದ್ವೀಪದ ದಕ್ಷಿಣದಲ್ಲಿ ಈ ಬೇಸಾಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿತ್ತು. ಅಲ್ಲಿನ ಲೆಕ್ವಂಗೆನ್ ಜನ ಕ್ಯಾಮಸ್ಸನ್ನು ಕ್ವೆಟ್ಲಾಲ್ ಎನ್ನುತ್ತಾರೆ. ಬಯಲನ್ನು ಕುಟುಂಬಗಳು ತುಂಡುತುಂಡಾಗಿ ಹಂಚಿಕೊಂಡು, ಗುರುತು ನೆಟ್ಟು, ಕಲ್ಲು ಪೊದೆ ಆರಿಸಿ ಹಸನು ಮಾಡಿಕೊಳ್ಳುತ್ತಿದ್ದವು. ಹಕ್ಕು ತಲೆಮಾರಿನಿಂದ ತಲೆಮಾರಿಗೆ ದಾಟುತ್ತಿತ್ತು. ವಿಕ್ಟೋರಿಯಾ ವಿಶ್ವವಿದ್ಯಾಲಯದ ಜನಾಂಗೀಯ ಸಸ್ಯಶಾಸ್ತ್ರಜ್ಞೆ ನ್ಯಾನ್ಸಿ ಟರ್ನರ್ ದಶಕಗಳ ಕಾಲ ಹಿರಿಯರ ಜತೆ ಕೂತು ದಾಖಲಿಸಿದ ಸಂಗತಿಗಳಲ್ಲಿ ಇವೂ ಇವೆ. ಹಡ್ಸನ್ಸ್ ಬೇ ಕಂಪನಿಯ ಜೇಮ್ಸ್ ಡಗ್ಲಸ್ ಕೋಟೆಗೆ ಜಾಗ ಹುಡುಕುತ್ತಾ 1842ರಲ್ಲಿ ಅಲ್ಲಿಗೆ ಬಂದಾಗ ಬೆರಗಾದ. ದಟ್ಟ ಕಾಡಿನ ಕರಾವಳಿಯ ನಡುವೆ ಓಕ್ ಮರಗಳ ಕೆಳಗೆ ತೆರೆದ ಹುಲ್ಲುಗಾವಲು! ಸ್ವರ್ಗದ ತೋಟವೇ ಅಲ್ಲಿಗೆ ಬಂದು ಬಿದ್ದಂತೆ ಅವನಿಗೆ ಕಂಡಿತು. ಮರುವರ್ಷ ಅಲ್ಲಿ ವಿಕ್ಟೋರಿಯಾ ಕೋಟೆ ಎದ್ದಿತು. ಆ ತೋಟವನ್ನು ಮಾಡಿದವರು ಅವನೆದುರೇ ಇದ್ದರು. ಅವರ ಹೊಲದ ಮೇಲೆಯೇ ಇಂದಿನ ಬ್ರಿಟಿಷ್ ಕೊಲಂಬಿಯಾದ ರಾಜಧಾನಿ ನಿಂತಿದೆ.

ಈ ಬೇಸಾಯ ಎಷ್ಟು ಹಳೆಯದು? ಕುಳಿಒಲೆಗಳೇ ಸಾಕ್ಷಿ ಹೇಳುತ್ತವೆ. ಒಡೆದ ಕಲ್ಲು, ಇದ್ದಿಲು, ಸೀದು ಉಳಿದ ಗೆಡ್ಡೆಗಳು ನೆಲದಡಿ ಪದರಪದರವಾಗಿ ಸಿಗುತ್ತವೆ. ವಾಷಿಂಗ್ಟನ್ ರಾಜ್ಯದ ಈಶಾನ್ಯದಲ್ಲಿ, ಕ್ಯಾಲಿಸ್ಪೆಲ್ ಜನರ ಸೀಮೆಯಲ್ಲಿ, 5000 ವರ್ಷಗಳಿಗೂ ಹಿಂದಿನ ಒಲೆಗಳು ಸಿಕ್ಕಿವೆ. ಪುರಾತತ್ವಜ್ಞೆ ಮಾಲಿ ಕಾರ್ನಿ ಮತ್ತು ಸಂಗಡಿಗರು 2021ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಸೂಕ್ಷ್ಮವಾದದ್ದು. ಕರಕಲಾದ ಗೆಡ್ಡೆಗಳ ಒಳಪದರಗಳನ್ನು ನೋಡಿ ಅವು ಎಳೆಯವೋ ಬಲಿತವೋ ಎಂದು ಅವರು ಪರೀಕ್ಷಿಸಿದರು. ಕೈಗೆ ಸಿಕ್ಕಿದ್ದನ್ನೆಲ್ಲ ಕೀಳುವವರ ಒಲೆಯಲ್ಲಿ ಎಳೆಯವೂ ಬಲಿತವೂ ಬೆರೆತಿರಬೇಕು. ಬಲಿತು ಬೀಜ ಕೊಡುವ ವಯಸ್ಸಿಗೆ ಬಂದವನ್ನೇ ಆರಿಸಿದ ಗುರುತು ಅಲ್ಲಿ ಕಂಡಿತು. ಸುಮಾರು 4000 ವರ್ಷಗಳಿಂದ ಈ ಗಿಡವನ್ನು ನೋಡಿಕೊಂಡು ಬರಲಾಗಿದೆ ಎಂಬುದು ಅವರ ವಾದ. ಸಣ್ಣದನ್ನು ನೆಲಕ್ಕೇ ಬಿಡಿ ಎಂದು ಅಜ್ಜಿ ಮೊಮ್ಮಗಳಿಗೆ ಹೇಳುವ ಮಾತು ಇದ್ದಿಲಿನಲ್ಲಿ ಬರೆದಿಟ್ಟಂತೆ ಉಳಿದಿತ್ತು.

ಲೂಯಿಸ್‌ಗೆ ಮತ್ತೆ ಬರೋಣ. ಪೆಸಿಫಿಕ್ ಕಡಲನ್ನು ಮುಟ್ಟಿ ಹಿಂತಿರುಗುವಾಗ, 1806ರ ಜೂನ್‌ನಲ್ಲಿ, ಅವನು ಪುನಃ ವೀಐಪ್ ಬಯಲಿನಲ್ಲಿದ್ದ. ಈಗ ಹೂವಿನ ಕಾಲ. ದೂರದಿಂದ ನೋಡಿದಾಗ ಬಯಲು ತಿಳಿನೀರಿನ ಸರೋವರದಂತೆ ಕಂಡಿತೆಂದು ಅವನು ದಿನಚರಿಯಲ್ಲಿ ಬರೆದ. ಗಿಡದ ಬೇರು, ಎಲೆ, ಹೂ, ಒಲೆ ಹೂಡುವ ಬಗೆ ಎಲ್ಲವನ್ನೂ ಪುಟಗಟ್ಟಲೆ ವಿವರಿಸಿದ. ತನ್ನನ್ನು ಮಲಗಿಸಿದ ಗೆಡ್ಡೆಯ ಬಗ್ಗೆ ಇಷ್ಟು ಶ್ರದ್ಧೆಯಿಂದ ಬರೆದದ್ದು ಅವನ ದೊಡ್ಡ ಗುಣ. ಜೂನ್ 23ರಂದು ಅವನು ಒತ್ತಿ ಒಣಗಿಸಿದ ಕ್ಯಾಮಸ್ ಹೂ ಇಂದಿಗೂ ಫಿಲಡೆಲ್ಫಿಯಾದ ಸಸ್ಯಸಂಗ್ರಹದಲ್ಲಿದೆ. ಅದನ್ನು ನೋಡಿಯೇ ಸಸ್ಯವಿಜ್ಞಾನಿ ಫ್ರೆಡರಿಕ್ ಪರ್ಶ್ ಗಿಡಕ್ಕೆ ವೈಜ್ಞಾನಿಕ ಹೆಸರಿಟ್ಟ. ಹೆಸರಿನ ಕೊನೆಯ ಭಾಗವಾದ ಕ್ವಾಮಾಶ್ ಆ ನೆಲದ ಜನರ ಬಾಯಿಂದ ಬಂದದ್ದು.

ಹೆಸರನ್ನು ಉಳಿಸಿಕೊಂಡವರು ನೆಲವನ್ನು ಉಳಿಸಲಿಲ್ಲ. 1855ರ ಒಪ್ಪಂದದಲ್ಲಿ ನೀಮೀಪೂ ಜನ ಬೇರು, ಹಣ್ಣು ಸಂಗ್ರಹಿಸುವ ಹಕ್ಕನ್ನು ಅಕ್ಷರದಲ್ಲೇ ಬರೆಸಿಕೊಂಡಿದ್ದರು. ಎಂಟು ವರ್ಷದಲ್ಲಿ, ಚಿನ್ನ ಸಿಕ್ಕಿದ ಮೇಲೆ, ಇನ್ನೊಂದು ಒಪ್ಪಂದ ಅವರ ಮೀಸಲು ನೆಲವನ್ನು ಹತ್ತರಲ್ಲಿ ಒಂದು ಪಾಲಿಗೆ ಇಳಿಸಿತು. ಎಷ್ಟೋ ಗುಂಪುಗಳು ಅದಕ್ಕೆ ಸಹಿ ಹಾಕಲೇ ಇಲ್ಲ. 1877ರಲ್ಲಿ ಸೇನೆ ಗಡುವು ಕೊಟ್ಟಿತು. ಗಡುವಿನ ಕೊನೆಯ ದಿನಗಳಲ್ಲಿ ಆ ಗುಂಪುಗಳು ಸೇರಿದ್ದು ಉತ್ತರ ಐಡಹೋದ ಇನ್ನೊಂದು ಕ್ಯಾಮಸ್ ಬಯಲಿನಲ್ಲಿ, ಟೋಲೋ ಕೆರೆಯ ಬಳಿ. ಹೆಂಗಸರು ಎಂದಿನಂತೆ ಗೆಡ್ಡೆ ಅಗೆಯುತ್ತಿದ್ದಾಗ ಸಿಟ್ಟಿಗೆದ್ದ ಕೆಲವು ತರುಣರು ವಲಸಿಗರ ಮೇಲೆ ಬಿದ್ದರು. ಯುದ್ಧ ಹೊತ್ತಿಕೊಂಡಿತು. ಜುಲೈನಲ್ಲಿ, ಸೇನೆಯಿಂದ ತಪ್ಪಿಸಿಕೊಂಡು ಪರ್ವತ ದಾಟುವ ಮುನ್ನ, ಅವರು ಕೂಡಿ ಮಾತಾಡಿದ್ದು ವೀಐಪ್ ಬಯಲಿನಲ್ಲಿ, ಎಪ್ಪತ್ತೆರಡು ವರ್ಷದ ಹಿಂದೆ ಹಸಿದ ಬಿಳಿಯರಿಗೆ ಉಣಬಡಿಸಿದ ಜಾಗದಲ್ಲೇ. ಆಗಸ್ಟ್‌ನಲ್ಲಿ ಸೇನೆಯ ಹೇಸರಗತ್ತೆಗಳನ್ನು ಇರುಳಿನಲ್ಲಿ ಹೊಡೆದುಕೊಂಡು ಹೋದ ಜಾಗದ ಹೆಸರೂ ಕ್ಯಾಮಸ್ ಮೆಡೋಸ್. ಅಕ್ಟೋಬರ್ 5ರಂದು ಕೆನಡಾದ ಗಡಿ ಹತ್ತಿರವಿರುವಾಗ ಅವರ ಮುಖಂಡ ಚೀಫ್ ಜೋಸೆಫ್ ಬಂದೂಕು ಒಪ್ಪಿಸಿದ. ಅವರು ಓಡಿದ ದಾರಿಯನ್ನು ನಕ್ಷೆಯ ಮೇಲೆ ಗುರುತಿಸಿದರೆ ಅದು ಅಡುಗೆಮನೆಯಿಂದ ಅಡುಗೆಮನೆಗೆ ಸಾಗಿದಂತಿದೆ.

ಉಳಿದ ಬಯಲುಗಳನ್ನು ನೇಗಿಲು ಮುಗಿಸಿತು. ನೀರು ಬಸಿಯಲು ಕಾಲುವೆ ತೋಡಿ, ಗೋಧಿ, ಹುಲ್ಲು ಬಿತ್ತಿದರು. ಬೆಂಕಿ ಇಡುವುದನ್ನು ಅಪರಾಧ ಮಾಡಿದ ಮೇಲೆ ಪೊದೆ, ಮರ ನುಗ್ಗಿ ಹುಲ್ಲುಗಾವಲು ಕಾಡಾಯಿತು. ಕೆನಡಾದಲ್ಲಿ ಗ್ಯಾರಿ ಓಕ್ ಮರಗಳ ಬಯಲು ಮೊದಲಿದ್ದ ಸ್ಥಿತಿಯಲ್ಲಿ ಉಳಿದಿರುವುದು ಶೇಕಡ 5ಕ್ಕಿಂತ ಕಡಿಮೆ. ಇತ್ತ ಯುರೋಪಿನ ತೋಟಗಾರರು ಕ್ಯಾಮಸ್ಸನ್ನು ಅಲಂಕಾರಕ್ಕೆಂದು ಬೆಳೆಸಿದರು. ಹಾಲೆಂಡಿನ ಗೆಡ್ಡೆ ವ್ಯಾಪಾರಿಗಳು ಟ್ಯುಲಿಪ್ ಜತೆ ಅದನ್ನೂ ಮಾರುತ್ತಾರೆ. ಕೊಂಡವರಲ್ಲಿ ಎಷ್ಟೋ ಜನಕ್ಕೆ ಅದು ಊಟವೆಂಬುದೇ ಗೊತ್ತಿರುವುದಿಲ್ಲ.

ವೀಐಪ್ ಬಯಲಿನ ಒಂದು ಭಾಗ ಈಗ ನೆಜ್ ಪರ್ಸ್ ರಾಷ್ಟ್ರೀಯ ಐತಿಹಾಸಿಕ ಉದ್ಯಾನಕ್ಕೆ ಸೇರಿದೆ. ಅಲ್ಲಿ ಮೇ ಕೊನೆಗೆ ಇಂದಿಗೂ ನೀಲಿ ಎದ್ದುಬರುತ್ತದೆ. ವಿಲಾಮೆಟ್ ಕಣಿವೆಯಲ್ಲಿ ಮೂಲನಿವಾಸಿ ಒಕ್ಕೂಟಗಳು ಹಳೆಯ ಕ್ರಮದಂತೆ ಹುಲ್ಲಿಗೆ ಬೆಂಕಿ ಇಡುವುದನ್ನು ಮತ್ತೆ ಆರಂಭಿಸಿವೆ. ವಿಕ್ಟೋರಿಯಾ ನಗರದ ಉದ್ಯಾನಗಳಲ್ಲಿ ಲೆಕ್ವಂಗೆನ್ ಹೆಂಗಸರು ಹೊರಗಿನಿಂದ ಬಂದ ಪೊದೆಗಳನ್ನು ಕಿತ್ತು ಕ್ವೆಟ್ಲಾಲ್‌ಗೆ ಜಾಗ ಬಿಡಿಸುತ್ತಿದ್ದಾರೆ, ಕುಳಿಒಲೆ ಹೂಡಿ ನೆರೆಯವರನ್ನೂ ಊಟಕ್ಕೆ ಕರೆಯುತ್ತಿದ್ದಾರೆ. ನೀಮೀಪೂ ಜನರ ವಸಂತದ ಬೇರುಹಬ್ಬದಲ್ಲಿ ವರ್ಷದ ಮೊದಲ ಬೇರುಗಳಿಗೆ ಕೃತಜ್ಞತೆ ಹೇಳಿದ ಮೇಲೆಯೇ ಎಲ್ಲರೂ ಅಗೆಯಲು ಹೊರಡುವುದು.

ಕೋಲು ಮಾತ್ರ ಬದಲಾಗಿದೆ. ಮರದ ಟೂಕೆಸ್ ಜಾಗಕ್ಕೆ ಈಗ ಬೆಸುಗೆ ಹಾಕಿದ ಉಕ್ಕಿನ ಸಲಾಕೆ ಬಂದಿದೆ, ಕೊಂಬಿನ ಬದಲು ಅಡ್ಡ ಕೊಳವೆಯ ಹಿಡಿ. ತುದಿಯ ಬಾಗು ಅದೇ. ಹಿಡಿಯ ಮೇಲೆ ಮೈಭಾರ ಬಿದ್ದೊಡನೆ ಸಲಾಕೆ ಒದ್ದೆ ಮಣ್ಣಿಗೆ ಇಳಿಯುತ್ತದೆ, ಹೆಂಟೆ ಏಳುತ್ತದೆ. ಬೆರಳುಗಳು ಮಣ್ಣು ಉದುರಿಸಿ ನಾಲ್ಕು ದಪ್ಪ ಗೆಡ್ಡೆಗಳನ್ನು ಚೀಲಕ್ಕೆ ಹಾಕುತ್ತವೆ. ಉಗುರಿನಷ್ಟು ಚಿಕ್ಕ ಐದಾರು ಗೆಡ್ಡೆಗಳನ್ನು ಮತ್ತೆ ಕುಳಿಯಲ್ಲಿ ಮೊಳಕೆ ಮೇಲಾಗಿ ಕೂರಿಸಿ, ಹೆಂಟೆ ಮುಚ್ಚಿ, ಪಾದದಿಂದ ಒತ್ತಿ, ಅಗೆಯುವ ಹೆಂಗಸು ಒಂದು ಹೆಜ್ಜೆ ಮುಂದಕ್ಕೆ ಹೋಗುತ್ತಾಳೆ.